ದೇವರ ಕುರಿಯ ತೊಗಲು

ಚಂದ್ರಿಯ ತಲೆಯನ್ನು ಮಾಳವ್ವ ಎರಡು ತೊಡೆಗಳ ನಡುವೆ ಅವುಚಿ ಹಿಡಿದಿದ್ದಳು. ಎಡಗೈಯ ಹೆಬ್ಬೆರಳನ್ನು ಬಾಯಿಗೆ ತುರುಕಿ ದವಡೆ ಅಗಲಿಸಿದ್ದಳು. ಬಲಗೈಯ ಉಗುರಿನಿಂದ ಒಸಡಿಗೆ ನೆಟ್ಟ ಕುಸಳಿಯನ್ನು ತಡವಿ ತಡವಿ ಕೀಳುತ್ತಿದ್ದಳು. ಒಂದು ಬಂತು. ಅದರ ಮಗ್ಗುಲಲ್ಲೇ ಇನ್ನೊಂದಿತ್ತು. ಅದು ಅರ್ಧಕ್ಕೆ ಮುರಿಯಿತು. ಮೊನೆ ಒಳಗೇ ಉಳಿಯಿತು. ಉಗುರಿನ ಸಂದಿನಲ್ಲಿ ರಕ್ತ ಬಂದಿತ್ತು. ಅದು ಕುರಿಯದೋ ತನ್ನದೋ ಅವಳಿಗೆ ತಿಳಿಯಲಿಲ್ಲ.

ಕುರಿ ಒದರಲಿಲ್ಲ. ಆಡಿನ ಕಿವಿ ಹಿಂಡಿದರೆ ಸಾಕು, ಓಣಿಗೆಲ್ಲ ಕೇಳುವಂತೆ ಒದರುತ್ತದೆ. ಕುರಿ ಹಾಗಲ್ಲ. ಕುತ್ತಿಗೆಗೆ ಕತ್ತಿ ಇಟ್ಟರೂ ಸುಮ್ಮನೆ ನೋಡುತ್ತದೆ. ಅದಕ್ಕೇ ಅದು ಎಲ್ಲರಿಗೂ ಸಿಗುತ್ತದೆ.

ಕುಸಳಿ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಅದು ಮಾಳದ ಹುಲ್ಲು. ಅದನ್ನು ಯಾರೂ ಬಿತ್ತುವುದಿಲ್ಲ, ಅದಕ್ಕೆ ಯಾರೂ ನೀರು ಹಾಯಿಸುವುದಿಲ್ಲ. ಬೇಸಿಗೆಯಲ್ಲಿ ಬೆಂಕಿ ಬಿದ್ದು ಬುಡದ ತನಕ ಸುಟ್ಟರೂ ಬೇರು ಸಾಯುವುದಿಲ್ಲ. ಬೇಸಿಗೆ ಮುಗಿದು ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿದ್ದ ವಾರದೊಳಗೆ ಅದೇ ಕರಿ ಬುಡದಿಂದ ಹಸಿರು ಏಳುತ್ತದೆ. ಆಗ ಅದರಷ್ಟು ಸಿಹಿ ಮೇವು ಇನ್ನೊಂದಿಲ್ಲ. ಈದ ಕುರಿಯ ಕೆಚ್ಚಲು ತುಂಬುತ್ತದೆ. ತೆನೆ ಬಂದು ಬಲಿತ ಮೇಲೆ ಅದೇ ಹುಲ್ಲು ವೈರಿ. ಬೀಜದ ಒಂದು ತುದಿಗೆ ಸೂಜಿಯ ಮೊನೆ, ಇನ್ನೊಂದು ತುದಿಗೆ ಹುರಿಯಂತೆ ಸುತ್ತಿಕೊಂಡ ಬಾಲ. ಹಸಿ ತಾಗಿದರೆ ಬಾಲ ಬಿಚ್ಚಿಕೊಳ್ಳುತ್ತ ತಿರುಗುತ್ತದೆ. ಬಾಲ ತಿರುಗಿದಂತೆ ಮೊನೆ ಕೊರೆಯುತ್ತದೆ. ನೆಲ ಸಿಕ್ಕರೆ ನೆಲ. ಕುರಿ ಸಿಕ್ಕರೆ ಉಣ್ಣೆ, ಉಣ್ಣೆಯ ಕೆಳಗಿನ ತೊಗಲು, ತೊಗಲಿನ ಕೆಳಗಿನ ಮಾಂಸ. ಮೊನೆಯ ಮೇಲಿನ ಸಣ್ಣ ಕೂದಲು ಹಿಂದಕ್ಕೆ ಬಾಗಿರುವುದರಿಂದ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.

ಇದರ ಜೊತೆ ಬದುಕುವ ರೀತಿ ಕುರುಬರಿಗೆ ಗೊತ್ತಿತ್ತು. ಮಳೆಗಾಲವೆಲ್ಲ ಮೇಯಿಸಬೇಕು. ಮೇಯ್ದ ಹುಲ್ಲು ತೆನೆ ಕಟ್ಟುವುದು ಕಡಿಮೆ. ಕಟ್ಟಿದ ಕಡೆ ಕುರಿ ಇಳಿಸಿಕೊಂಡು ಬರಬೇಕು. ದೀಪಾವಳಿ ಮುಗಿದ ಮೇಲೆ ಉಣ್ಣೆ ಕತ್ತರಿಸಿ ಬೇರೆ ಕಡೆ ಹೋಗಬೇಕು. ಅಷ್ಟೇ. ಇದನ್ನು ಕಲಿಸಲು ಯಾವ ಶಿಬಿರವೂ ಬೇಕಿರಲಿಲ್ಲ.

ಚಂದ್ರಿ ಕುಲದೇವರು ಬೀರಪ್ಪನ ಕುರಿ. ಹಣೆಯ ಮೇಲೆ ಬಿಳಿ ಚುಕ್ಕೆ ಹೊತ್ತು ಹುಟ್ಟಿದ ದಿನವೇ ಮಾಳವ್ವನ ಗಂಡ ಅಮೃತಪ್ಪ ಅದಕ್ಕೆ ಭಂಡಾರದ ಅರಿಶಿನ ಹಚ್ಚಿ ದೇವರಿಗೆ ಬಿಟ್ಟಿದ್ದ. ದೇವರ ಕುರಿಯನ್ನು ಮಾರುವುದಿಲ್ಲ. ಅದಕ್ಕೆ ಕತ್ತರಿ ತಾಗಿಸುವುದಿಲ್ಲ. ಸತ್ತರೆ ತೊಗಲು ಸುಲಿಯದೆ ಬೀರಪ್ಪನ ಕಟ್ಟೆಯ ಹಿಂದೆ ಇಡಿಯಾಗಿ ಹೂಳಬೇಕು. ಎಂದೂ ಕತ್ತರಿಸದ ಅದರ ಉಣ್ಣೆ ಮೊಳಕಾಲಿನ ತನಕ ಜೋತಾಡುತ್ತಿತ್ತು. ಅದು ಮುಂದೆ ನಡೆದರೆ ಹಿಂಡು ಅದರ ಹಿಂದೆ. ಈಗ ಆ ಉಣ್ಣೆಯೇ ಅದಕ್ಕೆ ಮೃತ್ಯುವಾಗಿತ್ತು. ಕೈ ಇಟ್ಟಲ್ಲೆಲ್ಲ ಕುಸಳಿ.

"ಬಿಡು ಇನ್ನ," ಅಂದ ಅಮೃತಪ್ಪ, ಅಂಗಳದ ಕಲ್ಲಿನ ಮೇಲೆ ಕೂತಲ್ಲಿಂದಲೇ. "ಅದು ಹೋಗಾದು ಹೋಗ್ತದ."

"ಹೋಗ್ಲಿ. ಬಾಯಾಗಿಂದ ತಗೀಲಾರದ ಹೆಂಗ ಬಿಡ್ಲಿ? ನಾಕ ದಿನ ಆಯ್ತು, ನೀರ ಕುಡ್ದಿಲ್ಲ."

"ಬೀರಪ್ಪ ನೋಡ್ಕೋತಾನ."

"ಹ್ಞಾ, ನೋಡ್ಲತಾನ," ಅಂದಳು ಮಾಳವ್ವ. "ಅಂವಾ ನೋಡ್ಕೋತೇ ಕುಂತಾನ. ನಿನ್ನಂಗೇ."

ಅಮೃತಪ್ಪ ಎದ್ದು ಹೋದ. ಮಾಳವ್ವ ಮುರಿದ ಮೊನೆಗಾಗಿ ಮತ್ತೆ ಉಗುರು ಇಳಿಸಿದಳು.

ಇದೆಲ್ಲ ಶುರುವಾದದ್ದು ಒಂದು ಮಾತಿನಿಂದ.

ಮರಾಠಿ ಸೀಮೆಯ ಗುಂಜೋಟಿಯಿಂದ ಆಚೆ, ಮಾಳದ ಬುಡದಲ್ಲಿ ಅವರ ವಾಡಿ. ಆ ಮಾಳ ಗಾಯರಾನ, ಅಂದರೆ ದನಕುರಿ ಮೇಯಲೆಂದು ಸರಕಾರ ಬಿಟ್ಟ ನೆಲ. ಮಳೆಗಾಲದಲ್ಲಿ ಹೊಲಗಳಲ್ಲೆಲ್ಲ ಸೋಯಾಬೀನು, ತೊಗರಿ. ಬದುವಿನ ಮೇಲೆ ಕುರಿಯ ಕಾಲು ಬಿದ್ದರೂ ಕೊಡಲಿ ಹಿಡಿದು ಬರುತ್ತಾರೆ. ಆ ನಾಲ್ಕು ತಿಂಗಳು ಕುರುಬರಿಗೆ ಇದ್ದದ್ದು ಆ ಮಾಳ ಒಂದೇ.

ಹೋದ ಬೇಸಿಗೆಯಲ್ಲಿ ಪುಣೆಯ ಒಂದು ಸಂಸ್ಥೆ ಊರುಗಳಿಗೆ ಸ್ಪರ್ಧೆ ಇಟ್ಟಿತು. ಮಾಳ ಹಸಿರು ಮಾಡಿದ ಊರಿಗೆ ಬಹುಮಾನ. ಪಂಚಾಯತಿಗೆ ಸರಪಂಚ ಆಗಿದ್ದವಳು ಸರಸ್ವತಿಬಾಯಿ. ಆದರೆ ಸರಪಂಚಕಿ ನಡೆಸುತ್ತಿದ್ದವನು ಅವಳ ಗಂಡ ಮನ್ಮಥಪ್ಪ. ಅವನದು ಊರಲ್ಲಿ ಕಿರಾಣಿ ಅಂಗಡಿ, ಊರ ಹೊರಗೆ ಎಮ್ಮೆಗಳ ಡೇರಿ. ಸಹಿ ಮಾಡುವಾಗ ಮಾತ್ರ ಸರಸ್ವತಿಬಾಯಿಯನ್ನು ಅಡುಗೆಮನೆಯಿಂದ ಕರೆಯುತ್ತಿದ್ದರು.

ಮನ್ಮಥಪ್ಪ ಶ್ರಮದಾನ ಸಾರಿದ. ಮನೆಗೊಬ್ಬರು ಬರಬೇಕು. ಹೊಲ ಇದ್ದವರು ಒಂದು ದಿನ ಬಂದು, ಬುಟ್ಟಿ ಹಿಡಿದು, ಫೋಟೋ ತೆಗೆಸಿಕೊಂಡು ಹೋದರು. ಕುರುಬರ ಮನೆಗಳಿಂದ ದಿನಾ ಬರಬೇಕಾಯಿತು. ಬರದಿದ್ದರೆ ಮಾಳದ ಆಸೆ ಬಿಡಿ ಅಂದರು. ಮಾಳವ್ವ ಗುದ್ದಲಿ ಹಿಡಿದು ಮಳೆನೀರು ಇಂಗುವ ಚರ ತೋಡಿದಳು. ಕೆಂಪು ಗರಸು ನೆಲ, ಗುದ್ದಲಿ ಬಿದ್ದರೆ ಟಣ್ ಅನ್ನುತ್ತಿತ್ತು. ಅಂಗೈಯ ಬೊಬ್ಬೆ ಒಡೆದು ಕಾವಿಗೆ ಅಂಟಿಕೊಳ್ಳುತ್ತಿತ್ತು. ಮೊದಲ ಮಳೆಗೆ ಮಾರವೇಲ ಹುಲ್ಲಿನ ಬುಡಗಳನ್ನು ತಂದು ಸುರಿದರು. ಅದೂ ಕಾಡುಹುಲ್ಲೇ. ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವಂಥದು. ಮೆತ್ತಗೆ, ಮುಳ್ಳಿಲ್ಲದ್ದು, ಒಮ್ಮೆ ಬೇರು ಹಿಡಿದರೆ ವರ್ಷವರ್ಷ ಕೊಡುವಂಥದು. ಬುಡ ಸೀಳಿ, ಬೇರು ಬಿಡಿಸಿ, ಗೇಣಿಗೊಂದರಂತೆ ಚರದ ಏರಿಯ ಮೇಲೆ ಊರಬೇಕು. ಬೆನ್ನು ಬಗ್ಗಿಸಿದವಳು ಸಂಜೆಯ ತನಕ ಎತ್ತುವಂತಿಲ್ಲ. ಮಾಳವ್ವ ಬೈದುಕೊಳ್ಳದೆ ಊರಿದಳು. ಮುಂದಿನ ವರ್ಷ ಇದನ್ನು ಕುರಿ ಮೇಯುತ್ತವೆ ಅಂತ ಅವಳ ಲೆಕ್ಕ. ತಾನು ಎಷ್ಟು ಮೂರ್ಖಳೆಂದು ಆಮೇಲೆ ಗೊತ್ತಾಯಿತು.

ಹುಲ್ಲು ಊರಿ ಮುಗಿದ ದಿನ ಮನ್ಮಥಪ್ಪ ಬೀರಪ್ಪನ ಕಟ್ಟೆಗೆ ಬಂದ. ಅವನಿಗೆ ಅಂಬಾದಾಸ ಕುರ್ಚಿ ತಂದಿಟ್ಟ. ಅಂಬಾದಾಸ ಪಂಚಾಯತಿಯ ಜವಾನ.

"ಅಮೃತಾ," ಅಂದ ಮನ್ಮಥಪ್ಪ, "ಈ ವರ್ಷ ಚರಾಯಿಬಂದಿ. ಮಾಳಕ್ಕ ಕುರಿ ಹೊಡೀಬಾರ್ದು. ಊರು ಬಂದಿ ತೆಗಿಯೋ ತನಕ."

"ಮತ್ತ ಕುರಿ ಯಾನ್ ತಿನ್ಬೇಕ್ರೀ ಸಾವಕಾರ್ರಿ?"

"ಅರೆ, ನಾಕ ತಿಂಗಳ ಮಾತು. ಹುಲ್ಲು ಎದೀ ಮಟ ಬರ್ತದ. ಮೊದಲ ಹಕ್ಕ ನಿಮ್ಮ ಕುರೀದೇ. ನಾ ಹೇಳ್ಲತೀನಲ್ಲ."

"ಹೇಳ್ಲತೀರಿ, ಖರೆ."

"ನನಗ ನಿಮ್ಮ ಕಾಗದ ಬ್ಯಾಡ, ಸಹಿ ಬ್ಯಾಡ," ಅಂದ ಮನ್ಮಥಪ್ಪ. "ನಿಮ್ಮ ಮಂದಿ ಕಂಬಳಿ ಮ್ಯಾಲ ನಿಂತು ಮಾತ ಕೊಟ್ರ ಮುರಿಯಂಗಿಲ್ಲ ಅಂತಾರ. ಅಷ್ಟು ಕೊಡು, ಸಾಕು."

ಅಮೃತಪ್ಪ ಹಿಗ್ಗಿಬಿಟ್ಟ. ಸಾವುಕಾರ ತಮ್ಮ ಕಂಬಳಿಯ ಹೆಸರು ತೆಗೆದನಲ್ಲ ಎಂದು. ಹೆಗಲ ಮೇಲಿನ ಕರಿ ಕಂಬಳಿಯನ್ನು ಬೀರಪ್ಪನ ಮುಂದೆ ಹಾಸಿದ. ಬೀರಪ್ಪನ ಮುಂದೆ ಹಾಸಿದ್ದನ್ನು ಕಾರ್ಯ ಮುಗಿಯುವ ತನಕ ಯಾರೂ ಎಳೆಯುವಂತಿಲ್ಲ. ಅದರ ಮೇಲೆ ನಿಂತು ಆಡಿದ ಮಾತನ್ನು ಸತ್ತರೂ ಮುರಿಯುವಂತಿಲ್ಲ. ಅಮೃತಪ್ಪ ನಿಂತ. ಅವನ ಕುಲದ ಭಾಯಿಬಂದರೂ ನಿಂತರು. ಭಂಡಾರ ಹಾರಿಸಿ ಮಾತು ಕೊಟ್ಟರು.

"ಸಾವಕಾರ್ರೂ ನಿಂದ್ರಲಿ," ಅಂದಳು ಹಿಂದಿನಿಂದ ಮಾಳವ್ವ. "ಮೊದಲ ಹಕ್ಕ ನಮ್ದು ಅಂದ್ರಲ್ಲ, ಆ ಮಾತ ಭೀ ಕಂಬಳಿ ಮ್ಯಾಲೇ ಆಡ್ಲಿ."

ಮನ್ಮಥಪ್ಪ ನಕ್ಕ. "ನನ್ನ ಮಣಕಾಲ ಬ್ಯಾನಿ ಅದ ಮಾಳವ್ವ. ನಾ ಕುರ್ಚಿ ಮ್ಯಾಲಿಂದೇ ಹೇಳ್ತೀನಿ, ಬೀರಪ್ಪಗ ಕೇಳಸ್ತದ."

ಎಲ್ಲರೂ ನಕ್ಕರು. ಅಮೃತಪ್ಪನೂ ನಕ್ಕ. ಕುರುಬನ ಹೊರತು ಈ ತಪ್ಪನ್ನು ಇನ್ನಾರೂ ಮಾಡುವುದಿಲ್ಲ. ಕಂಬಳಿಯ ಮಾತನ್ನು ಕುರ್ಚಿಯವನಿಗೆ ಕೊಟ್ಟುಬಿಟ್ಟರು.

ಆ ಮಳೆಗಾಲ ಹೇಗೆ ಕಳೆಯಿತೆಂದು ಮಾಳವ್ವನ ಹಿಮ್ಮಡಿ ಹೇಳುತ್ತದೆ. ಹೆದ್ದಾರಿಯ ಬದಿಯಲ್ಲಿ, ಉಮರ್ಗಾದ ತನಕ, ಡಾಂಬರಿಗೂ ಚರಂಡಿಗೂ ನಡುವಿನ ಹುಲ್ಲಿನಲ್ಲಿ ಕುರಿ ಮೇಯಿಸಿದರು. ಢಾಬಾದವರು ಕಲ್ಲು ಹೊಡೆದರು. ಹೈದರಾಬಾದಿನ ಲಾರಿಯೊಂದು ಎರಡು ಮರಿಗಳನ್ನು ಅರೆದು ಹೋಯಿತು. ಡ್ರೈವರು ಇಳಿಯಲೂ ಇಲ್ಲ. ಮಾಕಣಿಯ ಹಿನ್ನೀರಿಗೆ ಹೊಡೆದುಕೊಂಡು ಹೋದರೆ ಅಲ್ಲಿಯವರು ಬೇರೆ ಊರಿನ ಕುರಿ ಎಂದು ಅಟ್ಟಿದರು. ಬೇರೆ ವಾಡಿಯವರು ಕತ್ತಲಾದ ಮೇಲೆ ಇವರ ಮಾಳಕ್ಕೇ ಕುರಿ ನುಗ್ಗಿಸಿ ಮೇಯಿಸಿಕೊಂಡು ಹೋದರು. ಅಮೃತಪ್ಪ ಮಾತ್ರ ಹೋಗಲಿಲ್ಲ. ಮಾಳದ ಅಂಚಿಗೆ ಬಂದರೆ ಚಂದ್ರಿ ತಾನಾಗಿ ಮೇಲಕ್ಕೆ ತಿರುಗುತ್ತಿತ್ತು. ಅದಕ್ಕೆ ಅದೇ ದಾರಿ ಗೊತ್ತು. ಅಮೃತಪ್ಪ ಅದರ ಕೊರಳು ಹಿಡಿದು ಎಳೆಯುತ್ತಿದ್ದ.

"ಒಮ್ಮಿ ಬಿಡು," ಅನ್ನುತ್ತಿದ್ದಳು ಮಾಳವ್ವ. "ಯಾರ್ ನೋಡ್ತಾರ?"

"ಕಂಬಳಿ ನೋಡ್ತದ."

"ಕಂಬಳಿ ಹೊಟ್ಟಿ ತುಂಬಸ್ತದೇನು?"

ಅವನು ಚಂದ್ರಿಯನ್ನು ರಸ್ತೆಯ ಕಡೆಗೇ ತಿರುಗಿಸುತ್ತಿದ್ದ.

ಹುಲ್ಲು ಎದೆಮಟ್ಟ ಬಂತು. ಅದು ಖರೆ. ದಸರೆ ಮುಗಿಯುವ ಹೊತ್ತಿಗೆ ಮನ್ಮಥಪ್ಪನ ಟ್ರ್ಯಾಕ್ಟರು ಮಾಳ ಹತ್ತಿತು. ಮಾಳವ್ವ ಊರಿದ ಮಾರವೇಲವನ್ನು ಕೊಯ್ದು, ಕಟ್ಟು ಕಟ್ಟಿ, ಡೇರಿಗೆ ಒಯ್ದರು. ಉಳಿದದ್ದನ್ನು ಎಮ್ಮೆ ಇದ್ದವರು ಹಂಚಿಕೊಂಡರು. ಕೊಯ್ಯುವ ಕೂಲಿಗೆ ಕರೆದದ್ದೂ ಕುರುಬರ ಹೆಂಗಸರನ್ನೇ. ಕುಸಳಿ ಯಾರಿಗೂ ಬೇಡವಾಗಿತ್ತು. ಅದು ಮೇಯುವ ಬಾಯಿಲ್ಲದೆ ಮಾಳದ ತುಂಬ ತೆನೆ ಬಿಟ್ಟು ಬಲಿತು ನಿಂತಿತು. ಗಾಳಿಗೆ ತೆನೆಗಳು ಒಂದಕ್ಕೊಂದು ಹೆಣೆದುಕೊಂಡು ಕರೀ ಕರೀ ಜಡೆಯಾಗಿದ್ದವು.

ಆಗ ಬಂದಿ ತೆಗೆದರು.

"ಶುಕ್ರವಾರ ಕುರಿ ಮಾಳಕ್ಕ ಹೊಡಿ," ಎಂದು ಹೇಳಿಕಳಿಸಿದ ಮನ್ಮಥಪ್ಪ. ಅಮೃತಪ್ಪ ಅಂಗಡಿಗೆ ಓಡಿದ. ಮಾಳವ್ವನೂ ಹಿಂದೆ ಹೋದಳು.

"ಸಾವಕಾರ್ರಿ, ಈಗ ಕುಸಳಿ ಪಕ್ಕಾ ಬಲ್ತಾದ. ಕುರಿ ಉಣ್ಣಿ ಭೀ ಕತ್ತರ್ಸಿಲ್ಲ. ಈಗ ಹೊಡದ್ರ ಸಾಯ್ತಾವ."

"ಮೇಯ್ಸು ಅಂತ ಯಾರ್ ಅಂದ್ರು? ಫೋಟೋದ ಸಲವಾಗಿ. ಬಂದಿ ತೆಗದ ಮ್ಯಾಲ ಮೊದಲ ಹಕ್ಕ ಧನಗರಿಗೇ, ಕುರುಬರಿಗೇ ಕೊಟ್ಟೇವು ಅಂತ ತೋರಸ್ಬೇಕಲ್ಲ. ಒಂದ ತಾಸು."

"ಕಟಗೊಂಡ ಬಂದು ನಿಂದ್ರಸ್ತೀನ್ರಿ, ಕೆಳಗ, ದಾರಿ ಮ್ಯಾಲ."

"ಹುಲ್ಲಿನಾಗ ಬೇಕು. ಹುಲ್ಲ ಕಾಣ್ಬೇಕು, ಕುರಿ ಕಾಣ್ಬೇಕು. ಆ ಉದ್ದ ಉಣ್ಣೀದು ಅದಲ್ಲ, ಅದು ಮುಂದ ಇರ್ಲಿ, ಚಂದ ಕಾಣ್ತದ."

"ಅದು ದೇವರ ಕುರಿ," ಅಂದಳು ಮಾಳವ್ವ.

"ಮತ್ತ ಛಲೋ ಆಯ್ತು. ದೇವರ ಫೋಟೋ ಭೀ ಬಂತು." ತಕ್ಕಡಿಯಲ್ಲಿ ಸಕ್ಕರೆ ತೂಗುತ್ತ ಹೇಳಿದ, ತಲೆ ಎತ್ತದೆ. "ಅಮೃತಾ, ನೋಡು, ನಾಳಿ ಭೀ ನೀ ಇದೇ ಊರಾಗ ಇರಾಂವ."

ಅಷ್ಟೇ ಸಾಕಾಯಿತು. ಅಮೃತಪ್ಪ ಹಳದಿ ರುಮಾಲು ಸುತ್ತಿಕೊಂಡ. ಒಂದು ತಾಸಿನ ಕೆಲಸ ಅಂದಿದ್ದರು, ಫೋಟೋದವನು ಹೊತ್ತು ಇಳಿದ ಮೇಲೆ ಬಂದ. ಅಷ್ಟು ಹೊತ್ತೂ ಹಿಂಡು ಬಲಿತ ಕುಸಳಿಯ ನಡುವೆ ನಿಂತಿತ್ತು. ಹಸಿದ ಕುರಿಗಳು. ನಾಲ್ಕು ತಿಂಗಳಿಂದ ಈ ಮಾಳಕ್ಕೆ ಬಾಯಿ ಹಾಕಲು ಕಾದಿದ್ದವು. ಬಾಯಿ ಹಾಕಿದವು. ಮಾಳವ್ವ ಬಡಿಗೆ ಹಿಡಿದು ಓಡಾಡಿದಳು, ಬಾಯಿಂದ ಹುಲ್ಲು ಎಳೆದಳು. ಎಷ್ಟು ಬಾಯಿ ಹಿಡಿದಾಳು? ಫೋಟೋದವನು ಅವಳನ್ನು ಬದಿಗೆ ಸರಿಯಲು ಹೇಳಿದ. ಅವಳ ಸೀರೆ ಹರಿದಿತ್ತು.

ಮೊದಲು ಮರಿಗಳು ಹೋದವು. ಕಣ್ಣಲ್ಲಿ ನೆಟ್ಟು ಕುರುಡಾದವು, ಹೊಟ್ಟೆಯ ಕೆಳಗೆ ಕೀವು ತುಂಬಿ ಬಿದ್ದವು. ಉಣ್ಣೆ ಕತ್ತರಿಸಲು ಕೂತವರು ಕತ್ತರಿ ಕೆಳಗಿಟ್ಟು ಎದ್ದರು. ಕತ್ತರಿ ಹೋಗುವುದಿಲ್ಲ, ಕೈಗೆ ನೆಡುತ್ತವೆ ಅಂದರು. ಚಂದ್ರಿ ಎಲ್ಲಕ್ಕಿಂತ ಕೊನೆಗೆ ಬಿತ್ತು. ಮಾಳವ್ವ ಬಾಯೊಳಗಿನ ಕುಸಳಿ ಕೀಳುತ್ತಿದ್ದ ಆ ದಿನ ಸಂಜೆಯೇ ಅವಳ ತೊಡೆಯ ಮೇಲೆ ತಲೆ ಇಟ್ಟು ಸತ್ತಿತು.

ಅಮೃತಪ್ಪ ಕಟ್ಟೆಯ ಹಿಂದೆ ಗುಂಡಿ ತೋಡಲು ಹೋದ. ಅವನು ತಿರುಗಿ ಬರುವಷ್ಟರಲ್ಲಿ ಮಾಳವ್ವ ಕುಡಗೋಲು ತೆಗೆದುಕೊಂಡು ಚಂದ್ರಿಯ ತೊಗಲು ಸುಲಿದಿದ್ದಳು.

ಅವಳು ಯಾಕೆ ಹಾಗೆ ಮಾಡಿದಳೋ ಆ ಗಳಿಗೆಯಲ್ಲಿ ಅವಳಿಗೇ ಗೊತ್ತಿರಲಿಲ್ಲ. ಒಳಗೆ ಎಷ್ಟು ನೆಟ್ಟಿವೆ ನೋಡಬೇಕು ಅನ್ನಿಸಿತ್ತು. ನೋಡಿದಳು. ತೊಗಲಿನ ಒಳಮೈ ನುಣ್ಣಗೆ ಬೆಳ್ಳಗೆ ಇರಬೇಕಾದದ್ದು. ಇದು ಮುಳ್ಳಹಂದಿಯ ಬೆನ್ನಿನಂತಿತ್ತು. ಸಾವಿರ ಮೊನೆಗಳು ಮಾಂಸದ ಕಡೆಗೆ ಹೊರಬಂದು ನಿಂತಿದ್ದವು. ಸುಲಿಯುವಾಗ ಅವಳ ಎರಡೂ ಅಂಗೈಗೆ ನೆಟ್ಟಿದ್ದವು.

ಅಮೃತಪ್ಪ ಬಾಗಿಲಲ್ಲೇ ನಿಂತುಬಿಟ್ಟ. "ಏನ್ ಮಾಡ್ದಿ?" ಅಂದ. "ದೇವರ ಕುರಿ, ಮಾಳೀ. ಏನ್ ಮಾಡ್ದಿ ನೀ?"

"ಸುಲ್ದೆ."

"ಕುಲದಾಗ ಯಾರೂ ಮಾಡಿಲ್ಲ."

"ಕುಲದಾಗ ಯಾರೂ ದೇವರ ಕುರೀಗಿ ಫೋಟೋಕ್ಕ ನಿಂದ್ರಸಿಲ್ಲ ಭೀ."

ಅವನು ಮಾಂಸವನ್ನು ಒಯ್ದು ಹೂತ. ತೊಗಲನ್ನು ಮುಟ್ಟಲಿಲ್ಲ. ಮಾಳವ್ವ ಅದಕ್ಕೆ ಉಪ್ಪು ಸವರಿ ಗೋಡೆಗೆ ಆನಿಸಿದಳು.

ಮರುವಾರ ಅಂಬಾದಾಸ ಬಂದ. ಅವನದು ಯಾವಾಗಲೂ ಅಂಗಳದಿಂದಲೇ ಮಾತು.

"ಅಮೃತಮಾಮಾ, ನಾಳಿ ಪುಣೇದ ಸಾಹೇಬ ಬರ್ತಾರ, ಕೊನೀ ತಪಾಸಣಿ. ಬೀರಪ್ಪನ ಕಟ್ಟಿ ಮುಂದೇ ಕಾರ್ಯಕ್ರಮ. ನೀ ಕಂಬಳಿ ಹಾಸ್ಬೇಕಂತ. ಸಾಹೇಬ್ರಿಗಿ ಅದರ ಮ್ಯಾಲ ಕುಂದ್ರಸಿ ಭಂಡಾರ ಹಚ್ಚಬೇಕಂತ."

"ಕುರಿ ಸತ್ತಾವ ಅಂತ ಹೇಳ್ದಿ ಇಲ್ಲ ಸಾವಕಾರ್ರಿಗಿ?" ಅಂದಳು ಮಾಳವ್ವ.

"ಹೇಳ್ದೆ ಆಯಿ. ಪಾಪ ಅಂದ್ರು." ಅಂಬಾದಾಸ ಚೀಟಿಯಿಲ್ಲದೆ ಬಾಯಿಪಾಠ ಒಪ್ಪಿಸಿದ. "ಮತ್ತ ಮಾಮಾ ಮರಾಠಿದಾಗ ಎರಡ ಮಾತ ಆಡ್ಬೇಕಂತ. ಆಮ್ಹಿ ಸ್ವಖುಷೀನೆ ಚರಾಯಿ ಬಂದ್ ಕೇಲಿ. ನಮ್ಮ ಖುಷಿಯಿಂದ ಮೇಯ್ಸಾದು ಬಿಟ್ಟೇವು ಅಂತ. ಅಷ್ಟೇ."

"ಸ್ವಖುಷಿ," ಅಂದಳು ಮಾಳವ್ವ. "ನಿಮ್ಮ ಸಾವಕಾರನ ಎಮ್ಮಿ ಹೇಳ್ಲಿ ಆ ಮಾತು. ಹುಲ್ಲ ತಿಂದ ಬಾಯಿ ಅದು."

ಅಂಬಾದಾಸ ನಗಬೇಕೋ ಬೇಡವೋ ತಿಳಿಯದೆ ಅಮೃತಪ್ಪನನ್ನು ನೋಡಿದ. "ಬಹುಮಾನ ಬಂದ್ರ ಮುಂದಿನ ವರ್ಷ ಮಾಳ ನಿಮಗೇ ಬಿಡ್ತಾರಂತ ಮಾಮಾ. ಬರಲಿಲ್ಲ ಅಂದ್ರ ನಿಮ್ಮಿಂದೇ ಹೋಯ್ತು ಅಂತಾರ."

"ಹಾಸ್ತೀನಿ," ಅಂದ ಅಮೃತಪ್ಪ.

ಅಂಬಾದಾಸ ಹೋದ ಮೇಲೆ ಮಾಳವ್ವ ಗಂಡನ ಕಡೆ ತಿರುಗಿದಳು. "ಖರೇ ಹಾಸ್ತಿ?"

"ಹಾಸ್ಲಾರದ ಎಲ್ಲಿ ಹೋಗಾದು? ಉಳಿದ ಕುರಿ ಎಲ್ಲಿ ಒಯ್ಯಾದು? ನೀನೇ ಹೇಳು. ನೀ ಬೈತಿ, ಬೈದ್ರ ಹುಲ್ಲ ಬರ್ತದ?"

ಆ ಮಾತೇ ಅವಳನ್ನು ಉರಿಸಿತು. ಗಂಡ ಅಂಜುಬುರುಕ ಎಂದಾದರೆ ಬೈದು ಹಗುರಾಗಬಹುದು. ಅವನು ಹೇಳುವುದೂ ಖರೆ ಇದ್ದರೆ ಏನು ಮಾಡುವುದು?

ಮರುದಿನ ಬೀರಪ್ಪನ ಕಟ್ಟೆಯ ಮುಂದೆ ಪೆಂಡಾಲು. ಕುರ್ಚಿಗಳ ಸಾಲು. ಹಿಂದೆ ದೊಡ್ಡ ಬ್ಯಾನರು. ಅದರ ಮೇಲೆ ಎದೆಮಟ್ಟ ಹುಲ್ಲು, ಹಳದಿ ರುಮಾಲಿನ ಅಮೃತಪ್ಪ, ಅವನ ಮುಂದೆ ಚಂದ್ರಿ. ಸತ್ತ ಚಂದ್ರಿ ಅಷ್ಟು ದೊಡ್ಡದಾಗಿ ನಿಂತು ಊರನ್ನು ನೋಡುತ್ತಿತ್ತು. ಸಾಹೇಬರು ಕಾರಿನಿಂದ ಇಳಿದರು. ಬೆಳ್ಳಗಿನ ಕೂದಲು, ಮೆತ್ತನೆಯ ಮಾತು. ಮನ್ಮಥಪ್ಪ ಕೈ ಮುಗಿದು ಕರೆತಂದ. ಸರಸ್ವತಿಬಾಯಿ ಹೊಸ ಸೀರೆಯಲ್ಲಿ ಕೊನೆಯ ಕುರ್ಚಿಯ ಮೇಲೆ ಕೂತಿದ್ದಳು.

"ಅಮೃತಾ, ಕಂಬಳಿ," ಅಂದ ಮನ್ಮಥಪ್ಪ.

ಅಮೃತಪ್ಪ ಹೆಗಲಿಗೆ ಕೈ ಹಾಕುವಷ್ಟರಲ್ಲಿ ಮಾಳವ್ವ ಹೆಂಗಸರ ನಡುವಿನಿಂದ ಎದ್ದಳು. ಬಗಲಲ್ಲಿ ಗಂಟು. ಯಾರನ್ನೂ ತಳ್ಳಲಿಲ್ಲ, ಯಾರೂ ತಡೆಯಲಿಲ್ಲ. ಮುದುಕಿ ಆರತಿಗೆ ಹೋಗುತ್ತಾಳೆ ಅಂದುಕೊಂಡರು. ಬೀರಪ್ಪನ ಮುಂದೆ ಬಂದು ಗಂಟು ಬಿಚ್ಚಿದಳು. ಉಣ್ಣೆ ಕೆಳಗೆ ಮಾಡಿ, ಒಳಮೈ ಮೇಲೆ ಮಾಡಿ, ಚಂದ್ರಿಯ ತೊಗಲನ್ನು ಹಾಸಿದಳು. ಒಣಗಿದ ತೊಗಲು ಬಿಗಿದಿತ್ತು. ಮೊನೆಗಳೆಲ್ಲ ಎದ್ದು ನಿಂತಿದ್ದವು.

"ಬಸಾ ಸಾಹೇಬ," ಅಂದಳು, ಸಂತೆಯಲ್ಲಿ ಕಲಿತ ಮರಾಠಿಯಲ್ಲಿ. ಕೂತುಕೊಳ್ಳಿ ಎಂದು. "ನಿಮ್ಮ ಸಲವಾಗೇ ಹಾಸೀನಿ."

ಮುಂದಿನ ಸಾಲಿನವರು ಕುತ್ತಿಗೆ ಚಾಚಿ ನೋಡಿದರು.

"ಕಾಯ್ ಆಹೇ ಹೇ?" ಅಂದರು ಸಾಹೇಬರು. ಇದೇನು?

ಮಾಳವ್ವ ಬ್ಯಾನರಿನ ಕಡೆ ಕೈ ಮಾಡಿದಳು. "ಅದೇ." ಮುಂದಿನದನ್ನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದಳು. ಧ್ವನಿ ಏರಲಿಲ್ಲ. "ಹುಲ್ಲ ಎಳೇದು ಇದ್ದಾಗ ನಮಗ ಮಾಳ ಬಂದ್. ಛಲೋ ಹುಲ್ಲ ನಾವ್ ಹಚ್ಚಿದ್ವಿ, ಎಮ್ಮಿ ತಿಂದ್ವು. ಮುಳ್ಳಾದ ಮ್ಯಾಲ ನಿಮಗ ಫೋಟೋ ಬೇಕಾಯ್ತು, ನಮ್ಮ ಕುರಿ ನಿಂದ್ರಸಿದ್ರು. ಮೇಯ್ಸಗೊಟ್ಟಿದ್ರ ಕುಸಳಿ ಇಷ್ಟ ಬರ್ತಿರ್ಲಿಲ್ಲ. ಖುಷೀಲಿಂದ ಬಿಟ್ಟಿಲ್ಲ ಸಾಹೇಬ. ಯಾರೂ ಖುಷೀಲಿಂದ ಬಿಟ್ಟಿಲ್ಲ. ಬಹುಮಾನ ಕೊಡಾದಿದ್ರ ಇದರ ಮ್ಯಾಲ ಕುಂತು ಕೊಡ್ರಿ."

ಸಾಹೇಬರು ಸಿಟ್ಟಾಗಲಿಲ್ಲ. ಅದೇ ಕೆಟ್ಟದ್ದಾಯಿತು. ಅವರು ಬಗ್ಗಿ ಕೂತು ತೊಗಲನ್ನು ನೋಡಿದರು. ಒಂದು ಬೆರಳು ಇಟ್ಟು ನೋಡಿದರು. ನೆಟ್ಟಿತು. ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು. ಈ ಮನುಷ್ಯನಿಗೆ ತಿಳಿಯಿತು ಅಂದುಕೊಂಡಳು ಮಾಳವ್ವ.

ಸಾಹೇಬರು ಎದ್ದು ಮೈಕು ಹಿಡಿದರು. ಈ ತಾಯಿ ನಮ್ಮ ಕಣ್ಣು ತೆರೆಸಿದರು ಅಂದರು. ಈ ಮಾಳ ಕುರಿಗಳಿಗೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ ಅಂದರು. ಆದ್ದರಿಂದ ಕುರಿಗಳ ಹಿತಕ್ಕಾಗಿಯೇ ಚರಾಯಿಬಂದಿ ಒಂದು ವರ್ಷಕ್ಕೆ ಸಾಲದು, ಕಾಯಂ ಆಗಬೇಕು. ಕುಸಳಿಯನ್ನು ಬೇರುಸಹಿತ ಅಗೆದು ಮಾಳದ ತುಂಬ ಮಾರವೇಲ ಹಚ್ಚಬೇಕು. ಅಗೆಯುವ ಕೆಲಸವನ್ನು ಈ ತಾಯಂದಿರಿಗೇ ಕೊಡಬೇಕು.

ಮನ್ಮಥಪ್ಪ ಮೊದಲು ಚಪ್ಪಾಳೆ ಹೊಡೆದ. ಆಮೇಲೆ ಎಲ್ಲರೂ ಹೊಡೆದರು.

ಮಾಳವ್ವ ಬಾಯಿ ತೆರೆದಳು. ಏನು ಹೇಳುವುದು? ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿತ್ತು. ಅವರು ಕೇಳಿಯೂ ಇದ್ದರು. ಮೈಕು ಇದ್ದವನ ಬಾಯಲ್ಲಿ ಅವಳ ಮಾತೇ ಅವಳ ಕುತ್ತಿಗೆಗೆ ಬಂದಿತ್ತು. ಬಡಿಗೆ ಹಿಡಿದು ಬಂದವನನ್ನು ಬೈಯಬಹುದು. ಕರವಸ್ತ್ರ ಹಿಡಿದವನನ್ನು ಏನೆಂದು ಬೈಯುವುದು?

"ಆ ಹೊಲಸ ತೆಗಿ ಅಮೃತಾ," ಅಂದ ಮನ್ಮಥಪ್ಪ ಹಲ್ಲು ಕಚ್ಚಿ. "ಸಾಹೇಬ್ರು ಎಲ್ಲಿ ಕುಂದ್ರಬೇಕು?"

ಅಮೃತಪ್ಪ ಮುಂದೆ ಬಂದ. ತೊಗಲಿನ ಮುಂದೆ ನಿಂತ. ಬೀರಪ್ಪನ ಮುಂದೆ ಹಾಸಿದ್ದನ್ನು ಎಳೆಯುವಂತಿಲ್ಲ. ಹಾಸಿದ್ದು ಹೆಂಡತಿಯಾದರೂ, ಹಾಸಿದ್ದು ತೊಗಲಾದರೂ ಎಳೆಯುವಂತಿಲ್ಲ. ಅವನ ಭಾಯಿಬಂದರಲ್ಲಿ ಯಾರೂ ಕೈ ಮುಂದೆ ಮಾಡಲಿಲ್ಲ. ಅವನು ಮಾಳವ್ವನನ್ನು ನೋಡಿದ. ಅವಳು ತಲೆ ಅಲ್ಲಾಡಿಸಿದಳು. ಬೇಡ ಎಂದು. ಅಷ್ಟೇ ಅವಳ ಕೈಲಿ ಉಳಿದಿತ್ತು.

ಅಮೃತಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ತೊಗಲಿನ ಮೇಲೆ ಹಾಸಿದ. ಮೂಲೆ ಎಳೆದು ಸರಿಮಾಡಿದ. ಚಂದ್ರಿ ಮುಚ್ಚಿಹೋಯಿತು.

ಸಾಹೇಬರು ಅದರ ಮೇಲೆ ಕೂರಲಿಲ್ಲ. ಕುರ್ಚಿ ತರಿಸಿ ಅದನ್ನು ಕಂಬಳಿಯ ಹಿಂದೆ ಇಡಿಸಿಕೊಂಡು, ಬೂಟುಗಾಲನ್ನು ಕಂಬಳಿಯ ಮೇಲೆ ಇಟ್ಟುಕೊಂಡು ಕೂತರು. ಮನ್ಮಥಪ್ಪನೂ ಹಾಗೇ ಕೂತ. ಕಂಬಳಿಗೆ ಕಾಲಿಡಲು ಮಣಕಾಲಿನ ಬೇನೆ ಆ ದಿನ ಅಡ್ಡ ಬರಲಿಲ್ಲ. ಸರಸ್ವತಿಬಾಯಿಯನ್ನು ಕರೆದು ನಡುವೆ ಕೂಡಿಸಿದರು. ಅವಳೊಬ್ಬಳೇ ಕಾಲನ್ನು ಕಂಬಳಿಯಿಂದ ಹಿಂದಕ್ಕೆ ಎಳೆದುಕೊಂಡಳು. ಎಳೆದುಕೊಂಡು, ಕೊಟ್ಟಲ್ಲಿ ಸಹಿ ಮಾಡಿದಳು.

ಅಮೃತಪ್ಪ ಮೈಕಿನ ಮುಂದೆ ನಿಂತು, ಆಮ್ಹಿ ಸ್ವಖುಷೀನೆ, ಅಂದ. ಮುಂದಿನದು ಮರೆಯಿತು. ಅಂಬಾದಾಸ ಪಕ್ಕದಿಂದ ಹೇಳಿಕೊಟ್ಟ.

ಎಲ್ಲ ಮುಗಿದ ಮೇಲೆ ಕುಲದ ಹಿರಿಯರು ಮಾಳವ್ವನನ್ನು ಕಟ್ಟೆಯ ಕೆಳಗೆ ನಿಲ್ಲಿಸಿದರು. ಸಾಹೇಬರಿಗೆ, ಸಾವುಕಾರನಿಗೆ ಒಂದು ಮಾತನ್ನೂ ಆಡದ ಬಾಯಿಗಳು ಆಗ ತೆರೆದವು. ದೇವರ ಕುರಿ ಸುಲಿದವಳು ಉಗಾದಿಯ ತನಕ ಕಟ್ಟೆ ಹತ್ತುವಂತಿಲ್ಲ ಅಂದರು. ತೊಗಲನ್ನು ಅವಳೇ ಹೊತ್ತು ಗುಂಡಿಗೆ ಹಾಕಬೇಕು ಅಂದರು. ಅವಳು ಹಾಕಿದಳು.

ಮಾಳಕ್ಕೆ ತಂತಿಯ ಬೇಲಿ ಬಂತು. ಉಳಿದ ಕುರಿಗಳನ್ನು ಉಮರ್ಗಾದ ಸಂತೆಗೆ ಹೊಡೆಯುವುದೆಂದು ಅಮೃತಪ್ಪ ಒಂದು ದಿನ ಹೇಳಿದ. ಮಾಳವ್ವ ಹ್ಞೂಂ ಅಂದಳು. ಕುಸಳಿ ಅಗೆಯುವ ಕೆಲಸಕ್ಕೆ ಅಂಬಾದಾಸ ಕರೆಯಲು ಬಂದ. ಅದಕ್ಕೆ ಮಾತ್ರ ಅವಳು ಹೋಗಲಿಲ್ಲ. "ನನ್ನ ಕೈ ಆ ಬೇರಿಗಿ ಹತ್ತಂಗಿಲ್ಲ, ಹೋಗು," ಅಂದಳು. ಅವಳು ಹೋಗದಿದ್ದರೆ ಏನಾಯಿತು? ಬೇರೆಯವರು ಹೋದರು.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಅಮೃತಪ್ಪ ಅಂಗಿ ತೆಗೆದು ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಮಾಳವ್ವ ನೀರಿನ ಕೊಡ ಇಳಿಸಿ ನೋಡಿದಳು. ಹೆಗಲಿನಿಂದ ಬೆನ್ನಿನ ತನಕ ಕೆಂಪು ಕೆಂಪು ಗುಳ್ಳೆ. ಕೆಲವು ಕೀವು ಕಟ್ಟಿದ್ದವು.

"ಏನಿದು?"

"ಏನಿಲ್ಲ."

ಅವಳು ಕಂಬಳಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಆ ದಿನ ಬೂಟುಗಳು ಮೇಲಿಂದ ಒತ್ತಿದ್ದವು. ತೊಗಲಿನ ಮೊನೆಗಳು ಕೆಳಗಿಂದ ಕಂಬಳಿಗೆ ಏರಿದ್ದವು. ಎಳೆ ಎಳೆಯಲ್ಲೂ ಕು‌ಸಳಿ. ಇಷ್ಟು ದಿನವೂ ಅವನು ಅದನ್ನೇ ಹೆಗಲಿಗೆ ಹಾಕಿಕೊಂಡು ತಿರುಗಿದ್ದ. ಬೆವರಿನ ಹಸಿಗೆ ಅವು ತಿರುಗಿ ತಿರುಗಿ ಒಳಗೆ ಇಳಿದಿದ್ದವು. ಒಂದು ಮಾತು ಹೇಳಿರಲಿಲ್ಲ.

ಮಾಳವ್ವ ಅವನ ಹಿಂದೆ ಕೂತಳು. ಅವನ ಹೆಗಲನ್ನು ತನ್ನ ಎರಡು ಮೊಣಕಾಲುಗಳ ನಡುವೆ ಹಿಡಿದಳು. ಉಗುರು ಇಳಿಸಿ ಮೊದಲನೆಯದನ್ನು ಕಿತ್ತಳು. ಅರ್ಧ ಬಂತು. ಮಿಕ್ಕ ಅರ್ಧಕ್ಕೆ ಇನ್ನೂ ಆಳಕ್ಕೆ ಇಳಿಸಿದಳು. ರಕ್ತ ಬಂತು. ಅವನ ಮೈ ಒಮ್ಮೆ ನಡುಗಿ ಸುಮ್ಮನಾಯಿತು.

"ಒದರು," ಅಂದಳು. "ನೋಯ್ತದ ಇಲ್ಲ? ಒಮ್ಮಿಯಾದ್ರ ಒದರು."

ಅಮೃತಪ್ಪ ಒದರಲಿಲ್ಲ. ಕುತ್ತಿಗೆ ಇನ್ನಷ್ಟು ಬಗ್ಗಿಸಿ ಕೊಟ್ಟ.